ಚೌಕ ಕತ್ತರಿಸಿ ತಿರುಗಿಸಿದವರು

ಹಣ್ಣುನೊಣದ ರೆಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಮಕ್ಕಳಿಗೆ ತೋರಿಸುವುದು ಪ್ರಾಣಿಶಾಸ್ತ್ರದ ಮೇಷ್ಟರಾದ ನನಗೆ ಹಳೆಯ ಚಟ. ಸುಮಾರು 30,000 ಜೀವಕೋಶ, ಕೋಶಕ್ಕೊಂದು ಕೂದಲು, ಅಷ್ಟೂ ರೆಕ್ಕೆಯ ತುದಿಯತ್ತಲೇ ಮುಖಮಾಡಿ, ಗಾಳಿಗೆ ಬಾಗಿದ ಭತ್ತದ ಪೈರಿನಂತೆ. "ತುದಿ ಯಾವ ಕಡೆ ಅಂತ ಆ ಕೋಶಕ್ಕೆ ಹೇಳಿದ್ಯಾರು ಸಾರ್?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಪಠ್ಯಪುಸ್ತಕಗಳು ಇದಕ್ಕೆ ಜೀನುಗಳ ಪಟ್ಟಿ ಒಪ್ಪಿಸುತ್ತವೆ. ನಾನು ಮಾತ್ರ ರಕ್ತ ಹೀರುವ ಒಂದು ತಿಗಣೆಯಿಂದ ಶುರು ಮಾಡುತ್ತೇನೆ.

ರೋಡ್ನಿಯಸ್ ದಕ್ಷಿಣ ಅಮೆರಿಕದ ಕೀಟ. ಮರಿಯಾಗಿದ್ದಾಗ ಅದಕ್ಕೆ ಐದು ಹಂತ. ಹಂತಕ್ಕೊಮ್ಮೆ ಹೊಟ್ಟೆ ಬಿರಿಯ ರಕ್ತ ಕುಡಿದರೆ ಸಾಕು, ಪೊರೆ ಬಿಡುವ ದಿನವನ್ನು ಹೆಚ್ಚುಕಡಿಮೆ ಎಣಿಸಿ ಹೇಳಬಹುದು. ಕತ್ತರಿ ಹಿಡಿದವನಿಗೆ ಇನ್ನೇನು ಬೇಕು? ಇದನ್ನು ಪ್ರಯೋಗಾಲಯದಲ್ಲಿ ಪಳಗಿಸಿದವರು ಇಂಗ್ಲೆಂಡಿನ ವಿನ್ಸೆಂಟ್ ವಿಗಲ್ಸ್‌ವರ್ತ್. ಚರ್ಮದ ತುಂಡು ಕಿತ್ತು, ತಿರುಗಿಸಿ ನೆಡುವ ಕಸುಬನ್ನು 1940ರ ಹೊತ್ತಿಗೇ ಅವರು ರೂಢಿಸಿಕೊಂಡಿದ್ದರು.

ಅದನ್ನು ಹದಕ್ಕೆ ತಂದವರು ಅವರ ಶಿಷ್ಯ ಮೈಕೇಲ್ ಲಾಕ್. ಬೆಳೆದ ರೋಡ್ನಿಯಸ್ಸಿನ ಹೊಟ್ಟೆಯ ಮೇಲ್ಭಾಗದ ಪೊರೆಯಲ್ಲಿ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಲಾಕ್ ಮರಿಯ ಚರ್ಮದಲ್ಲಿ ಚೌಕವೊಂದನ್ನು ಕತ್ತರಿಸಿ, 90 ಡಿಗ್ರಿ ತಿರುಗಿಸಿ, ಅದೇ ಗುಳಿಯಲ್ಲಿ ಕೂರಿಸಿದರು. ಗಾಯ ಮಾಯ್ದು ಹೊಸ ಪೊರೆ ಬಂದಾಗ ಗೆರೆಗಳು ಅಕ್ಕಪಕ್ಕದವಕ್ಕೆ ಶರಣಾಗಿರಲಿಲ್ಲ, ಪೂರ್ತಿ ಹಠವನ್ನೂ ಹಿಡಿದಿರಲಿಲ್ಲ. ಎಸ್ ಅಕ್ಷರದಂತೆ ಬಳುಕಿ ರಾಜಿಯಾಗಿದ್ದವು. ಕೀಟದ ಹೊಟ್ಟೆ ಒಂದರ ಹಿಂದೊಂದು ಖಂಡಗಳಾಗಿ ಜೋಡಿಸಿಕೊಂಡಿರುತ್ತದೆ. ಚೌಕವನ್ನು ಅದೇ ಖಂಡದಲ್ಲಿ ಎಡಕ್ಕೋ ಬಲಕ್ಕೋ ಸರಿಸಿದರೆ ಏನೂ ಆಗಲಿಲ್ಲ. ಮುಂದಿನದನ್ನು ಹಿಂದಕ್ಕೆ ಹಾಕಿದರೆ ಗೆರೆ ಕೆಟ್ಟಿತು. ಇನ್ನೊಂದು ಖಂಡದ ಅದೇ ಮಟ್ಟಕ್ಕೆ ಒಯ್ದು ಹಾಕಿದರೆ ಮತ್ತೆ ಸರಿಯಾಯಿತು! ಅಂದರೆ ಪ್ರತಿ ಖಂಡದ ಉದ್ದಕ್ಕೂ ಯಾವುದೋ ಒಂದರ ಏರಿಳಿತವಿದೆ, ಖಂಡಕ್ಕೊಮ್ಮೆ ಅದು ಮರುಕಳಿಸುತ್ತದೆ. 1959ರ ಈ ಪ್ರಬಂಧದಷ್ಟು ಕಡಿಮೆ ಖರ್ಚಿನ, ಚೂಪು ತರ್ಕದ ಜೀವಶಾಸ್ತ್ರ ನನಗೆ ಬೇರೆ ಗೊತ್ತಿಲ್ಲ.

1966ರಲ್ಲಿ ಪೀಟರ್ ಲಾರೆನ್ಸ್ ಎಕ್ಕದ ಜಾತಿಯ ಗಿಡದ ಬೀಜ ತಿನ್ನುವ ತಿಗಣೆಯ ಕೂದಲಿನಲ್ಲೂ, ಜರ್ಮನಿಯ ಹಿಲ್ಡೆಗಾರ್ಡ್ ಸ್ಟುಂಫ್ ನಮ್ಮ ಜೇನು ಸಾಕುವವರು ಶಪಿಸುವ ಮೇಣದ ಪತಂಗದಲ್ಲೂ ಇದೇ ಬಗೆಯ ಏರಿಳಿತವನ್ನು ಕಂಡರು. ಆದರೆ ಏರಿಳಿಯುವ ವಸ್ತು ಯಾವುದು? ಅದನ್ನು ಹೇಳುವುದು ಬ್ಲೇಡಿನ ಕೈಲಾಗುವ ಕೆಲಸವಲ್ಲ.

ಅಲ್ಲಿಂದ ಕೆಲಸ ನೊಣದವರ ಪಾಲಾಯಿತು. ಕೂದಲು ಸುಳಿಸುಳಿಯಾಗುವ ಮ್ಯುಟೆಂಟ್ ನೊಣಗಳನ್ನು ಗಬ್ ಮತ್ತು ಗಾರ್ಸಿಯಾ-ಬೆಲ್ಲಿಡೊ 1982ರಲ್ಲಿ ಒಟ್ಟಿಗೆ ಹರಡಿ ನೋಡಿದರು. 1987ರಲ್ಲಿ ವಿನ್ಸನ್ ಮತ್ತು ಆಡ್ಲರ್, ಫ್ರಿಜಲ್ಡ್ ಜೀನ್ ಕೆಟ್ಟ ಕೋಶಗಳ ಗುಂಪೊಂದು ರೆಕ್ಕೆಯಲ್ಲಿದ್ದರೆ ಅದರಾಚೆ, ತುದಿಯ ಕಡೆಗಿರುವ ಆರೋಗ್ಯವಂತ ಕೋಶಗಳ ಕೂದಲೂ ದಿಕ್ಕು ತಪ್ಪುತ್ತದೆಂದು ತೋರಿಸಿದರು. ಲಾಕ್ ಕೈಯಾರೆ ಎಬ್ಬಿಸಿದ್ದ ನೆರೆಹೊರೆಯ ಜಗಳವನ್ನು ಇಲ್ಲಿ ಒಂದು ಜೀನ್ ಎಬ್ಬಿಸಿತ್ತು. ಎರಡು ವರ್ಷದಲ್ಲಿ ಆ ಜೀನಿನ ಅಕ್ಷರಮಾಲೆಯೂ ಸಿಕ್ಕಿತು: ಕೋಶದ ಹೊದಿಕೆಯನ್ನು ಏಳು ಸಲ ದಾಟುವ ಪ್ರೋಟೀನು.

ವ್ಯಾಜ್ಯ ಅಲ್ಲಿಗೂ ಮುಗಿಯಲಿಲ್ಲ. ಫ್ಯಾಟ್, ಡ್ಯಾಕ್ಸಸ್ ಎಂಬ ಜೀನುಗಳ ಜೋಡಿ ಫ್ರಿಜಲ್ಡಿನ ಹಂಗಿಲ್ಲದೆಯೂ ದಿಕ್ಕು ಹೇಳಬಲ್ಲದು ಎಂದು 2006ರಲ್ಲಿ ಲಾರೆನ್ಸ್ ಮತ್ತು ಸಂಗಡಿಗರು ವಾದಿಸಿದರು. ಆ ಜೋಡಿ ಫ್ರಿಜಲ್ಡಿಗೇ ಅಪ್ಪಣೆ ಕೊಡುವ ಮೇಲಧಿಕಾರಿ ಎನ್ನುವವರು ಇದನ್ನು ಒಪ್ಪಲಿಲ್ಲ.