ಏಳನೆಯ ಮನೆ: ಜಾತಕದಲ್ಲಿ ಅಗಲಿಕೆಯ ಚಿಹ್ನೆಗಳು, ನಮ್ಮಲ್ಲಿ ಮತ್ತು ಚೀನದಲ್ಲಿ

ಮುಂಬಯಿಯ ಕನ್ನಡ ಸಂಸಾರಗಳಲ್ಲಿ ಮದುವೆಯ ಮಾತು ಮುರಿದುಬಿದ್ದಾಗ ಹೇಳುವ ಕಾರಣಗಳಲ್ಲಿ ‘ಜಾತಕ ಕೂಡಿಬರಲಿಲ್ಲ’ ಎಂಬುದು ಎಲ್ಲಕ್ಕಿಂತ ಮರ್ಯಾದೆಯದು. ಹುಡುಗಿಯ ಬಣ್ಣ ಹಿಡಿಸಲಿಲ್ಲ, ಹುಡುಗನಿಗೆ ಸ್ವಂತ ಖೋಲಿಯಿಲ್ಲ, ಕೊಡುಕೊಳ್ಳುವ ಮಾತು ಹೊಂದಲಿಲ್ಲ ಎಂದು ಬಾಯಿಬಿಟ್ಟು ಹೇಳಲಾರದವರಿಗೆ ಅದೊಂದು ಆಶ್ರಯ. ಆದರೆ ನಿಜವಾಗಿ ನಂಬಿ, ಹೆದರಿ ಹಿಂದೆಗೆಯುವವರೂ ಕಡಿಮೆಯಿಲ್ಲ. ಏಳರಲ್ಲಿ ಕುಜ, ಷಡಾಷ್ಟಕ, ಏಕನಾಡಿ ಮುಂತಾದ ಮಾತುಗಳು ಕಿವಿಗೆ ಬಿದ್ದೊಡನೆ ಹೆಣ್ಣು ಹೆತ್ತವರ ಮುಖ ಕಳೆಗುಂದುತ್ತದೆ. ಗಂಡಹೆಂಡಿರ ವಿರಸ, ಅಗಲಿಕೆ, ಅತ್ತೆಸೊಸೆಯರ ಜಗಳ ಇವೆಲ್ಲ ಹುಟ್ಟಿದ ಗಳಿಗೆಯಲ್ಲಿಯೇ ಬರೆದಿರುತ್ತವೆ ಎಂಬ ಈ ಎಣಿಕೆ ನಮಗೆ ಎಲ್ಲಿಂದ ಬಂತು, ನಮ್ಮಿಂದ ಎಲ್ಲಿಗೆ ಹೋಯಿತು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಕೊಂಚ ನೋಡೋಣ.

ವೇದಾಂಗ ಜ್ಯೋತಿಷವು ಯಜ್ಞಯಾಗಾದಿಗಳಿಗೆ ಕಾಲನಿರ್ಣಯ ಮಾಡುವ ಶಾಸ್ತ್ರ. ಅದರಲ್ಲಿ ತಿಥಿಯುಂಟು, ನಕ್ಷತ್ರವುಂಟು. ಹನ್ನೆರಡು ಮನೆಗಳ ಕುಂಡಲಿಯಿಲ್ಲ, ಹೆಂಡತಿಯ ಸ್ಥಾನವೆಂಬ ಏಳನೆಯ ಮನೆಯಿಲ್ಲ. ಇವು ಬಂದದ್ದು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಪಶ್ಚಿಮ ಕರಾವಳಿಯ ವ್ಯಾಪಾರದ ಕಾಲದಲ್ಲಿ, ಗ್ರೀಕರ ಸಂಪರ್ಕದಿಂದ. ಗ್ರೀಕ್ ಮೂಲದಿಂದ ಬಂದ ಒಂದು ಗ್ರಂಥವನ್ನು ಸ್ಫುಜಿಧ್ವಜನೆಂಬವನು ಸಂಸ್ಕೃತ ಪದ್ಯಗಳಲ್ಲಿ ಹೆಣೆದ. ಅದಕ್ಕೆ ‘ಯವನಜಾತಕ’ವೆಂದೇ ಹೆಸರು. ಮುಹೂರ್ತ ನೋಡುವ ಪುರೋಹಿತರು ‘ಜಾಮಿತ್ರ ಶುದ್ಧಿ’ ಎಂಬ ಮಾತನ್ನು ಇಂದಿಗೂ ಬಳಸುತ್ತಾರಲ್ಲವೆ? ಜಾಮಿತ್ರವೆಂದರೆ ಏಳನೆಯ ಮನೆ. ಜಾಮಾತೃವಿಗೂ ಮಿತ್ರನಿಗೂ ಅದರೊಡನೆ ಯಾವ ನಂಟೂ ಇಲ್ಲ. ‘ಡಯಾಮೆಟ್ರೋಸ್’, ಅಂದರೆ ವೃತ್ತದ ಎದುರುಬದುರು ತುದಿ, ಎಂಬ ಗ್ರೀಕ್ ಪದವೇ ಹೀಗೆ ಸಂಸ್ಕೃತದ ವೇಷ ತೊಟ್ಟು ಮದುವೆ ಮಂಟಪಕ್ಕೆ ಬಂದಿದೆ. ಹೋರಾ, ಕೇಂದ್ರ ಎಂಬ ಪದಗಳೂ ಅದೇ ಊರಿನವು.

ಆರನೆಯ ಶತಮಾನದ ವರಾಹಮಿಹಿರ ಇದನ್ನು ಮುಚ್ಚಿಡಲಿಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಋಷಿಗಳಂತೆ ಪೂಜ್ಯರು ಎಂಬ ಭಾವವನ್ನು ತನ್ನ ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ಅವನ ಬೃಹಜ್ಜಾತಕದಲ್ಲಿ ಸ್ತ್ರೀಜಾತಕಕ್ಕೆಂದೇ ಒಂದು ಅಧ್ಯಾಯವಿದೆ. ಏಳರಲ್ಲಿ ರವಿಯಿದ್ದರೆ ಗಂಡ ಬಿಟ್ಟುಬಿಡುತ್ತಾನೆ, ಕುಜನಿದ್ದರೆ ಎಳವೆಯಲ್ಲೇ ವೈಧವ್ಯ, ಪಾಪಗ್ರಹದ ದೃಷ್ಟಿಯುಳ್ಳ ಶನಿಯಿದ್ದರೆ ಕನ್ಯೆಯಾಗಿಯೇ ಮುಪ್ಪು, ಹೀಗೆ ಸಾಗುತ್ತದೆ. ಗಮನಿಸಬೇಕಾದದ್ದು, ಮೂರು ಫಲಗಳೂ ಹೆಣ್ಣಿನ ತಲೆಗೇ ಕಟ್ಟಿದಂಥವು. ಗಂಡ ಬಿಟ್ಟುಹೋದರೆ ನೋಡಬೇಕಾದದ್ದು ಅವಳ ಕುಂಡಲಿಯನ್ನು! ಈ ವಿದ್ಯೆ ಕನ್ನಡಕ್ಕೂ ಬೇಗನೆ ಇಳಿದುಬಂತು. ಬೆಳ್ವೊಲ ನಾಡಿನ ನರಗುಂದದ ಶ್ರೀಧರಾಚಾರ್ಯ 1049ರಲ್ಲಿ ಬರೆದ ‘ಜಾತಕತಿಲಕ’ ಕನ್ನಡದಲ್ಲಿ ಈ ಶಾಸ್ತ್ರದ ಮೊದಲ ಗ್ರಂಥವೆಂದು ಹೆಸರಾಗಿದೆ.

ಇನ್ನು ಚೀನದ ವಿಷಯ. ಅಷ್ಟು ದೂರ ಏಕೆ ಹೋಗಬೇಕೆಂದು ವಾಚಕರು ಕೇಳಬಹುದು. ದೂರವೇನೂ ಇಲ್ಲ, ನಮ್ಮ ಮಝಗಾಂವ್‌ನಲ್ಲಿಯೇ, ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿಗೆ ಸಮೀಪದ ನವಾಬ್ ಟ್ಯಾಂಕ್ ರಸ್ತೆಯಲ್ಲಿ, 1919ರಲ್ಲಿ ಕಟ್ಟಿದ ಸೀ ಯುಪ್ ಎಂಬ ಚೀನೀ ದೇವಸ್ಥಾನವಿದೆ. ಕ್ವಾನ್ ಕುಂಗ್ ಎಂಬ ವೀರನಿಗೆ ಅಲ್ಲಿ ಪೂಜೆ. ಹೊಸ ವರ್ಷದ ದಿನ ಭಕ್ತರು ಅಂಕಿ ಬರೆದ ಕಡ್ಡಿಗಳನ್ನು ಅಲುಗಾಡಿಸಿ, ಬಿದ್ದ ಕಡ್ಡಿಗೆ ತಕ್ಕ ಚೀಟಿ ತೆಗೆದು ಭವಿಷ್ಯ ಓದಿಕೊಳ್ಳುತ್ತಾರೆ. ಹಡಗು ಮತ್ತು ಬಂದರಿನ ಕೆಲಸ ಹಿಡಿದು ಬಂದ ಚೀನೀಯರು ಕಟ್ಟಿಕೊಂಡ ಗುಡಿಯದು. ನಮ್ಮವರು ಬಂದಂತೆಯೇ ಅವರೂ ಊರು ಬಿಟ್ಟು ಬಂದವರು. 1962ರ ಯುದ್ಧದ ನಂತರ ಅವರಲ್ಲಿ ಅನೇಕರು ಈ ನಗರವನ್ನೂ ಬಿಟ್ಟರು.

ಆ ಜನರ ನಾಡಿಗೆ ನಮ್ಮ ನಕ್ಷತ್ರವಿದ್ಯೆ ಸಾವಿರದಿನ್ನೂರು ವರ್ಷಗಳಿಗೂ ಹಿಂದೆಯೇ ಹೋಗಿತ್ತು. ಟಾಂಗ್ ವಂಶದ ರಾಜಧಾನಿಯಲ್ಲಿ ನೆಲೆಸಿದ್ದ ಭಾರತೀಯ ಮನೆತನದ ಗೌತಮ ಸಿದ್ಧ ಅಲ್ಲಿನ ಅರಸನ ಖಗೋಳ ಇಲಾಖೆಯ ಮುಖ್ಯಸ್ಥನಾಗಿ 718ರಲ್ಲಿ ನವಗ್ರಹ ಗಣಿತವನ್ನು ಚೀನೀ ಭಾಷೆಗೆ ತಂದ. ಬೌದ್ಧ ಆಚಾರ್ಯ ಅಮೋಘವಜ್ರ 759ರಲ್ಲಿ ನಕ್ಷತ್ರ ಮತ್ತು ಗ್ರಹಗಳ ಶುಭಾಶುಭ ಕುರಿತ ಗ್ರಂಥವೊಂದನ್ನು ಅನುವಾದಿಸಿದ. ಅದರಲ್ಲಿ ಜನ್ಮನಕ್ಷತ್ರದಿಂದ ಮೂರು ಒಂಬತ್ತುಗಳಾಗಿ ಎಣಿಸಿ ಇನ್ನೊಬ್ಬರೊಡನೆ ಹೊಂದಿಕೆ ನೋಡುವ ಕ್ರಮವಿದೆ. ಜನ್ಮ, ಸಂಪತ್, ವಿಪತ್, ಕ್ಷೇಮ, ಪ್ರತ್ಯಕ್, ಸಾಧಕ, ನೈಧನ, ಮಿತ್ರ, ಪರಮಮಿತ್ರ. ಹೌದು, ನಮ್ಮ ಪಂಚಾಂಗದ ತಾರಾಬಲವೇ! ಮೂವತ್ತಾರು ಗುಣಗಳಲ್ಲಿ ತಾರೆಗೆ ಮೂರು ಗುಣವೆಂದು ಇಲ್ಲಿನ ಪುರೋಹಿತರು ಎಣಿಸುವ ಅದೇ ಲೆಕ್ಕ 806ರಲ್ಲಿ ಕೂಕಾಯ್ ಎಂಬ ಭಿಕ್ಷುವಿನೊಡನೆ ಜಪಾನಿಗೂ ದಾಟಿತು.

ಆದರೆ ಚೀನೀಯರ ಮನೆಮಾತಾಗಿ ಉಳಿದದ್ದು ಅವರದೇ ಆದ ‘ಎಂಟು ಅಕ್ಷರ’ಗಳ ಜಾತಕ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು ಇವು ನಾಲ್ಕು ಕಂಬಗಳು. ಒಂದೊಂದು ಕಂಬಕ್ಕೂ ಎರಡೆರಡು ಅಕ್ಷರ. ಮೇಲಿನದು ಹತ್ತು ‘ಕಾಂಡ’ಗಳಲ್ಲಿ ಒಂದು, ಕೆಳಗಿನದು ಇಲಿ, ಎತ್ತು, ಹುಲಿ, ಮೊಲ ಮುಂತಾದ ಹನ್ನೆರಡು ‘ಕೊಂಬೆ’ಗಳಲ್ಲಿ ಒಂದು. ವರ್ಷದ ಕಂಬ ಪೂರ್ವಜರದು, ತಿಂಗಳದು ತಂದೆತಾಯಿ ಒಡಹುಟ್ಟಿದವರದು, ಹೊತ್ತಿನದು ಮಕ್ಕಳದು. ದಿನದ ಕಂಬದ ಮೇಲಕ್ಷರ ತಾನು. ಅದರ ಕೆಳಗಿನದು ಬಾಳಸಂಗಾತಿಯ ಮನೆ, ಅಂದರೆ ಅವರ ‘ಏಳನೆಯ ಮನೆ’. ಇದಕ್ಕೆ ಅಕ್ಕಪಕ್ಕದ ಕಂಬದ ಕೊಂಬೆ ಎದುರುಬಿದ್ದರೆ ದಾಂಪತ್ಯದಲ್ಲಿ ಒಡಕು, ಅಗಲಿಕೆ ಎಂದು ಹೇಳುತ್ತಾರೆ. ಇಲಿಗೆ ಕುದುರೆ, ಎತ್ತಿಗೆ ಆಡು, ಹುಲಿಗೆ ಮಂಗ, ಮೊಲಕ್ಕೆ ಕೋಳಿ, ಡ್ರ್ಯಾಗನ್ನಿಗೆ ನಾಯಿ, ಹಾವಿಗೆ ಹಂದಿ ವೈರಿ. ಎಣಿಸಿ ನೋಡಿದರೆ ಪ್ರತಿಯೊಂದೂ ಇನ್ನೊಂದರಿಂದ ಏಳನೆಯದು. ಇಲ್ಲೊಂದು ಸ್ವಾರಸ್ಯವುಂಟು. ವಧೂವರರ ರಾಶಿಗಳು ಒಂದಕ್ಕೊಂದು ಏಳನೆಯದಾದರೆ ನಮ್ಮವರು ಸಮಸಪ್ತಕವೆಂದು ಸಂತೋಷಪಡುತ್ತಾರೆ. ಆರೆಂಟಾದರೆ ಮಾತ್ರ ಹೆದರಿಕೆ. ಎದುರುಬದುರು ನಿಂತವರು ನಮ್ಮಲ್ಲಿ ದಂಪತಿಗಳು, ಅಲ್ಲಿ ವೈರಿಗಳು. ನಾವು ಎಣಿಸುವುದು ರಾಶಿ, ಅವರು ಎಣಿಸುವುದು ವರ್ಷ ಮತ್ತು ದಿನ ಎಂಬ ಭೇದವಿದೆಯೆನ್ನಿ. ಆದರೂ ಹನ್ನೆರಡರ ಒಂದೇ ಚಕ್ರದಿಂದ ಇಬ್ಬರು ಪಂಡಿತರು ತದ್ವಿರುದ್ಧ ಫಲ ತೆಗೆಯುವುದು ಯೋಚಿಸತಕ್ಕ ಸಂಗತಿ.

ಅವರ ಪಂಚಭೂತಗಳಲ್ಲಿ ಆಕಾಶ ವಾಯುಗಳ ಬದಲು ಮರ ಮತ್ತು ಲೋಹ ಇವೆ. ಹೆಣ್ಣೊಬ್ಬಳ ದಿನದ ಅಕ್ಷರ ಮರವೆಂದಿಟ್ಟುಕೊಳ್ಳಿ. ಮರವನ್ನು ಕಡಿದು ಹತೋಟಿಯಲ್ಲಿಡುವುದು ಲೋಹ. ಆದ್ದರಿಂದ ಲೋಹ ಅವಳ ಗಂಡ, ‘ಅಧಿಕಾರಿ’. ಮರದಿಂದ ಹುಟ್ಟುವ ಬೆಂಕಿ ಲೋಹವನ್ನು ಕರಗಿಸುತ್ತದೆ. ಹಾಗಾಗಿ ಅವಳ ಜಾತಕದಲ್ಲಿ ಬೆಂಕಿ ಹೆಚ್ಚಾದರೆ ‘ಅಧಿಕಾರಿಗೆ ಕೇಡು’ ಎಂಬ ದೋಷ. ಆ ಬೆಂಕಿಯೇ ಅವಳ ಬುದ್ಧಿ, ಮಾತುಗಾರಿಕೆ, ಪ್ರತಿಭೆಯ ಸೂಚನೆಯೂ ಹೌದು! ಮಾತು ಬಲ್ಲ ಹೆಣ್ಣು ಗಂಡನಿಗಾಗದು ಎಂಬ ಲೋಕದ ಅಭಿಪ್ರಾಯವೇ ಗ್ರಹಗತಿಯ ಮಾತಿನಲ್ಲಿ ಅಡಗಿ ಕುಳಿತಂತಿದೆ. ಗಂಡಸಿನ ಜಾತಕದಲ್ಲಾದರೋ ಹೆಂಡತಿಗೂ ಹಣಕ್ಕೂ ಒಂದೇ ಚಿಹ್ನೆ. ಅವನದೇ ಜಾತಿಯ ಅಕ್ಷರಗಳು, ಅಂದರೆ ಅಣ್ಣತಮ್ಮಂದಿರು, ಹೆಚ್ಚಾದರೆ ಅವನ ಸಂಪತ್ತನ್ನು ಕಿತ್ತುಕೊಳ್ಳುತ್ತಾರೆ. ಕೂಡುಕುಟುಂಬದ ಪಾಲುಪಟ್ಟಿ ಕಂಡವರಿಗೆ ಈ ಚಿಹ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗಿಯ ಎಂಟು ಅಕ್ಷರದ ಚೀಟಿ ಬಂದ ಮೇಲೆ ಹುಡುಗನ ಕಡೆಯವರು ಅದನ್ನು ಪೂರ್ವಜರ ಪೀಠದ ಮುಂದೆ ಮೂರು ದಿನ ಇಡುತ್ತಿದ್ದರಂತೆ. ಆ ಮೂರು ದಿನ ಮನೆಯಲ್ಲಿ ಜಗಳವಾಗದೆ, ಪಾತ್ರೆ ಒಡೆಯದೆ ಇದ್ದರೆ ಸಂಬಂಧ ಮುಂದುವರಿಯುತ್ತಿತ್ತು. ಈ ಪರೀಕ್ಷೆ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಯಿತು. ಗಂಡಿನ ಮನೆಯವರ ಗುಣವನ್ನಾದರೂ ಅದು ಮೂರು ದಿನ ಅಳೆಯುತ್ತದೆ.

ಇಂಥ ನಂಬಿಕೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಅಂಕಿಅಂಶ ಸಿಗುವುದು ಜಪಾನಿನಲ್ಲಿ. ಅರುವತ್ತು ವರ್ಷಕ್ಕೊಮ್ಮೆ ಬರುವ ‘ಬೆಂಕಿ ಕುದುರೆ’ಯ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನನ್ನು ನುಂಗುತ್ತಾಳೆ ಎಂದು ಅಲ್ಲಿ ಹೇಳುತ್ತಿದ್ದರು. 1906ರಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಮದುವೆಯ ವಯಸ್ಸಿನಲ್ಲಿ ಗಂಡು ಸಿಗುವುದೇ ಕಷ್ಟವಾಯಿತು. 1966ರಲ್ಲಿ ಆ ವರ್ಷ ಮರಳಿತು. 1965ರಲ್ಲಿ ಜಪಾನಿನಲ್ಲಿ ಸುಮಾರು 18 ಲಕ್ಷ 24 ಸಾವಿರ ಶಿಶುಗಳು ಹುಟ್ಟಿದ್ದವು; 1966ರಲ್ಲಿ 13 ಲಕ್ಷ 61 ಸಾವಿರ; 1967ರಲ್ಲಿ ಮತ್ತೆ 19 ಲಕ್ಷ 36 ಸಾವಿರ. ಬುಲೆಟ್ ರೈಲು ಓಡಿಸುತ್ತಿದ್ದ ದೇಶದಲ್ಲಿ ಒಂದೇ ವರ್ಷ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಕಡಿಮೆ! ನಮ್ಮ ಸಂವತ್ಸರಗಳೂ ಅರುವತ್ತೇ. 1966ರ ಯುಗಾದಿಗೆ ಬಂದದ್ದು ಪರಾಭವ. ಅರುವತ್ತು ಸುತ್ತಿ 2026ರ ಯುಗಾದಿಗೆ ಬರುವುದೂ ಪರಾಭವವೇ, ಬೆಂಕಿ ಕುದುರೆಯ ಜೊತೆಯಲ್ಲೇ. ಹೆಸರಿನ ಅರ್ಥವೇ ಸೋಲು. ಆದರೂ ಪರಾಭವದಲ್ಲಿ ಹುಟ್ಟಿದ ಹೆಣ್ಣು ಬೇಡವೆನ್ನುವ ರೂಢಿ ನಮ್ಮಲ್ಲಿಲ್ಲ.

ನಮ್ಮ ಭಯಗಳು ಬೇರೆ. ಮೂಲಾ ಮಾವನಿಗೆ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಆಗದೆಂಬ ಮಾತನ್ನು ಕೇಳದವರಾರು? ಗ್ರಂಥಗಳಲ್ಲಿ ಇದಕ್ಕೆ ಪಾದದ ನಿಬಂಧನೆಗಳು, ಪರಿಹಾರಗಳು ಹೇರಳವಾಗಿವೆ. ಜನರ ಬಾಯಲ್ಲಿ ಅವೆಲ್ಲ ಉದುರಿಹೋಗಿ ಹುಡುಗಿಯ ನಕ್ಷತ್ರವೊಂದೇ ಉಳಿದಿದೆ. ಕುಜದೋಷದ್ದು ಇನ್ನೂ ವಿಚಿತ್ರ. ದಕ್ಷಿಣದವರು ಸಾಮಾನ್ಯವಾಗಿ 2, 4, 7, 8, 12ನೆಯ ಮನೆಗಳ ಕುಜನನ್ನು ದೋಷವೆನ್ನುತ್ತಾರೆ. ಮಹಾರಾಷ್ಟ್ರದಲ್ಲಿಯೂ ಉತ್ತರದಲ್ಲಿಯೂ ಎರಡರ ಬದಲು ಲಗ್ನವನ್ನು ಎಣಿಸುತ್ತಾರೆ. ಆದ್ದರಿಂದ ದಾದರಿನ ಜೋಯಿಸರ ಬಳಿ ‘ಮಂಗಳ’ವಿರುವ ಹುಡುಗಿಗೆ ಮಾಟುಂಗದ ನಮ್ಮ ಪುರೋಹಿತರ ಬಳಿ ದೋಷವಿಲ್ಲದಿರಬಹುದು. ಹನ್ನೆರಡರಲ್ಲಿ ಐದು ಮನೆ ದೋಷವೆಂದರೆ ನೂರಕ್ಕೆ ಸುಮಾರು 42 ಮಂದಿ ದೋಷದವರು. ಲಗ್ನದಿಂದ ಮಾತ್ರವಲ್ಲದೆ ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆಂದರೆ, ಸರಳ ಗಣಿತದಲ್ಲಿ, ನೂರಕ್ಕೆ 80ರಷ್ಟು ಮಂದಿ ಸಿಕ್ಕಿಬೀಳುತ್ತಾರೆ. ದೋಷಕ್ಕೆ ಅಷ್ಟೊಂದು ಅಪವಾದಗಳನ್ನು ಶಾಸ್ತ್ರಕಾರರು ಏಕೆ ಬರೆದರೆಂಬುದು ಇದರಿಂದ ತಿಳಿಯುತ್ತದೆ. ಇಲ್ಲದಿದ್ದರೆ ಊರಿನಲ್ಲಿ ಮದುವೆಯೇ ನಡೆಯುತ್ತಿರಲಿಲ್ಲ.

ಈ ಮನೆಗಳೆಲ್ಲ ನಿಂತಿರುವುದು ಹುಟ್ಟಿದ ವೇಳೆಯ ಮೇಲೆ. ಇಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹಿರಿಯರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಮಾತಿದೆ. ಭಾರತಕ್ಕೆಲ್ಲ ಒಂದೇ ವೇಳೆ 1906ರ ಜನವರಿ 1ರಿಂದ ಜಾರಿಗೆ ಬಂದರೂ ಈ ನಗರ ಹಟ ಹಿಡಿದು ತನ್ನ ‘ಬಾಂಬೆ ಟೈಮ್’ ಅನ್ನು 1955ರವರೆಗೆ ಇಟ್ಟುಕೊಂಡಿತ್ತು. ರೈಲಿಗೊಂದು ಗಡಿಯಾರ, ನಗರಪಾಲಿಕೆಗೊಂದು ಗಡಿಯಾರ. ನಡುವೆ 39 ನಿಮಿಷಗಳ ಅಂತರ. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ದೇಶದ ವೇಳೆಯನ್ನು ಒಂದು ಗಂಟೆ ಮುಂದೂಡಿದ್ದೂ ಉಂಟು. ಒಂದು ಲಗ್ನ ಸುಮಾರು ಎರಡು ಗಂಟೆ ಇರುತ್ತದೆ. ಯಾವ ಗಡಿಯಾರವೆಂದು ತಿಳಿಯದೆ ಬರೆದಿಟ್ಟ ಕುಂಡಲಿಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದರ ಲಗ್ನವೇ ಬದಲಾಗಬಹುದು. ಲಗ್ನ ಸರಿದರೆ ಕುಜ ಏಳರಿಂದ ಆರಕ್ಕೋ ಎಂಟಕ್ಕೋ ಸರಿಯುತ್ತಾನೆ. 39 ನಿಮಿಷದ ಗೊಂದಲಕ್ಕೆ ಎಷ್ಟು ಸಂಬಂಧಗಳು ತಪ್ಪಿದವೋ ಯಾರು ಬಲ್ಲರು!

ಎಲ್ಲ ಗುಣಗಳೂ ಕೂಡಿಬಂದ ಮದುವೆಗಳಲ್ಲಿಯೂ ಈ ನಗರ ಅಗಲಿಕೆಯನ್ನು ತಂದಿತು. ಹೋಟೆಲಿನಲ್ಲಿ ದುಡಿದು ಅಲ್ಲಿಯೇ ಮಲಗುತ್ತಿದ್ದ ದಕ್ಷಿಣ ಕನ್ನಡದ ಗಂಡಂದಿರಿಗೆ ಸಂಸಾರ ಹೂಡಲು ಖೋಲಿಯೆಲ್ಲಿ? ಹೆಂಡತಿ ಊರಿನಲ್ಲಿ, ಗಂಡ ಇಲ್ಲಿ. ನಡುವೆ ಹಡಗು, ಮನಿಯಾರ್ಡರು, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ರಜೆ. ಅಳಿಯಸಂತಾನದ ಕುಟುಂಬಗಳ ಹೆಣ್ಣುಮಕ್ಕಳಿಗೆ ತಾಯಿಮನೆಯ ಹಕ್ಕು ಇದ್ದುದರಿಂದ ಗಂಡ ಮರೆತರೂ ಅನ್ನ ತಪ್ಪುತ್ತಿರಲಿಲ್ಲ. ಸಂಬಂಧ ಬಿಡಿಸಿಕೊಂಡು ಇನ್ನೊಂದು ಮದುವೆಯಾಗುವುದಕ್ಕೂ ಅವರಲ್ಲಿ ಹಿಂದಿನಿಂದ ಸಮ್ಮತಿಯಿತ್ತು. ಬೇರೆ ಅನೇಕರಿಗೆ ಆ ಬಾಗಿಲು ಇರಲಿಲ್ಲ. ಅದನ್ನು ತೆರೆದದ್ದು ಇದೇ ಮುಂಬಯಿ ಪ್ರಾಂತ. 1955ರ ಹಿಂದೂ ವಿವಾಹ ಕಾಯಿದೆಗೆ ಎಂಟು ವರ್ಷ ಮೊದಲೇ, 1947ರಲ್ಲಿ, ಇಲ್ಲಿ ಹಿಂದೂ ವಿಚ್ಛೇದನ ಕಾಯಿದೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಈ ಪ್ರಾಂತದಲ್ಲಿಯೇ ಇದ್ದುದರಿಂದ ಅಲ್ಲಿನ ಹೆಣ್ಣುಮಕ್ಕಳಿಗೂ ಅದು ಅನ್ವಯಿಸಿತು. ಕಾಯಿದೆ ಒಪ್ಪಿದ ಕಾರಣಗಳಲ್ಲಿ ಎರಡು ಹೀಗಿವೆ: ಸತತ ನಾಲ್ಕು ವರ್ಷ ಬಿಟ್ಟುಹೋಗಿರುವುದು, ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು. ಏಳರಲ್ಲಿ ರವಿಯಿದ್ದ ಹೆಂಗಸೂ, ಇಲ್ಲದ ಹೆಂಗಸೂ ಅದರಡಿ ಒಂದೇ ನಮೂನೆಯ ಅರ್ಜಿ ಹಾಕಬಹುದಾಗಿತ್ತು.