ಅಜ್ಜನ ಅಂಬಾಸಿಡರೂ ಎಂಜಿನ್ ಆಯಿಲ್ಲೂ

ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರು (1923ರಿಂದ ಕಬ್ಬಿಣ ಕಾಯಿಸಿದ ಊರು!). ಅವರ ಅಂಬಾಸಿಡರ್‌ಗೆ ಮೂರು ಸಾವಿರ ಕಿ.ಮೀ.ಗೇ ಆಯಿಲ್ ಬದಲು. ಕಾರ್ಬುರೇಟರ್ ಕಾಲ, ಚೋಕ್ ಎಳೆದರೆ ಸುಡದ ಪೆಟ್ರೋಲ್ ಪಿಸ್ಟನ್ ಪಕ್ಕ ಇಳಿದು ಆಯಿಲ್ ತೆಳುವಾಗುತ್ತಿತ್ತು. 1983ರಲ್ಲಿ ಮಾರುತಿ 800 ಬಂತು. ಮುಂದೆ ಅಪ್ಪ ಕೊಂಡಿದ್ದೂ ಅದನ್ನೇ, ಐದು ಸಾವಿರಕ್ಕೊಮ್ಮೆ. ಆಮೇಲೆ ಫ್ಯುಯೆಲ್ ಇಂಜೆಕ್ಷನ್, ಒಳ್ಳೆ ಆಯಿಲ್... ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಿಗೆ ಹತ್ತು ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಆ 'ಒಂದು ವರ್ಷ' ನಾನು ಓದಲೇ ಇಲ್ಲ ನೋಡಿ! ಅಪ್ಪನ ಹೊಸ ಕಾರು ಓಡೋದು ಶಿವಮೊಗ್ಗದೊಳಗೆ, ದುರ್ಗಿಗುಡಿವರೆಗೆ ಅಷ್ಟೆ. "ನಾಲ್ಕು ಸಾವಿರವೂ ಆಗಿಲ್ಲ ಬಿಡಪ್ಪ" ಅಂತ ಮೂರು ವರ್ಷ ಬೆಂಗಳೂರಿಂದ ಫೋನಲ್ಲೇ ಹೇಳಿದೆ. ಎಂಜಿನ್ ಪೂರ್ತಿ ಬಿಸಿಯಾಗದೆ, ನೀರಾವಿ ಒಳಗೇ ನಿಂತು ಆಯಿಲ್ ಕೆಸರಾಗಿತ್ತು. ಮೊನ್ನೆ ಎಂಜಿನ್ನೇ ಬಿಚ್ಚಿಸಬೇಕಾಯ್ತು. ಅಪ್ಪ ಬೈಯಲಿಲ್ಲ. ಅಜ್ಜನ ಹಳೇ ಡೈರಿ ತೋರಿಸಿದರು. ಕಿಲೋಮೀಟರ್ ಪಕ್ಕ ಪ್ರತಿ ಸಲದ ತಾರೀಖೂ ಇತ್ತು.