ಖಾನೇಷುಮಾರಿಯಿಂದ ತಾಯಿ ಕಾರ್ಡಿನವರೆಗೆ

ನಮ್ಮ ಹಿರಿಯರು ಜನಗಣತಿಯನ್ನು ಖಾನೇಷುಮಾರಿ ಎಂದು ಕರೆಯುತ್ತಿದ್ದರು. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ಉರ್ದುವಿನಲ್ಲಿ ಅದಕ್ಕೇ ಮರ್ದುಮ್ ಶುಮಾರಿ, ಅಂದರೆ ಜನರ ಎಣಿಕೆ ಎನ್ನುತ್ತಾರೆ. ಎರಡು ಮಾತುಗಳ ನಡುವಿನ ಅಂತರ ಸಣ್ಣದಲ್ಲ. ಮನೆಯನ್ನು ಎಣಿಸಿದವನಿಗೆ ಕಂದಾಯದ ಲೆಕ್ಕ ಸಿಗುತ್ತದೆ. ಮನೆಯೊಳಗಿನವರನ್ನು ಎಣಿಸಿದವನಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು, ತಾಯಿ ಏನಾದಳು ಎಂಬ ಪ್ರಶ್ನೆಗಳು ಎದುರಾಗುತ್ತವೆ. ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು ಕನ್ನಡ ನಾಡಿನಲ್ಲಿ ಆಸ್ಪತ್ರೆ, ದಾದಿ, ಔಷಧಿಗಳಾಗಿ ಮಾರ್ಪಟ್ಟವೇ? ಯಾವ ಸೀಮೆಗೆ ಮೊದಲು ತಲುಪಿದವು, ಯಾವುದಕ್ಕೆ ತಡವಾಗಿ? ಅಂಕಿಗಳ ಈ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕುವುದು ಒಳ್ಳೆಯದು.

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಜನಗಣತಿ ನಡೆದಾಗ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. ಹತ್ತು ವರ್ಷ ಕಳೆದು 1881ರಲ್ಲಿ ಮತ್ತೆ ಎಣಿಸಿದಾಗ ಅದು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ನಡುವೆ 1876-78ರ ಬರ ಬಂದು ಹೋಗಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಜನ ಲೆಕ್ಕದಿಂದ ಅಳಿಸಿಹೋಗಿದ್ದರು. ಹಸಿವಿನ ಕತೆಯನ್ನು ಲಾವಣಿಕಾರರೂ ಅಜ್ಜಿಯರೂ ಹೇಳುತ್ತಿದ್ದರು, ನಿಜ. ಆದರೆ ಆಳುವವರು ತಳ್ಳಿಹಾಕಲಾಗದಂತೆ ಅದನ್ನು ಹೇಳಿದ್ದು ಈ ಎರಡು ಅಂಕಿಗಳು. ಸಂಸ್ಥಾನದ ರೈಲು ಮಾರ್ಗಗಳನ್ನು ವಿಸ್ತರಿಸುವಾಗ ಬರದ ಕಾಲಕ್ಕೆ ಧಾನ್ಯ ಸಾಗಿಸುವ ಮಾತು ಮುಂದೆ ಬಂದದ್ದು ಈ ನೆನಪಿನಿಂದಲೇ. ಅಂಕಿಯೊಂದು ಆಡಳಿತವನ್ನು ಎಬ್ಬಿಸಬಲ್ಲದು ಎಂಬುದಕ್ಕೆ ಇದು ನಮ್ಮಲ್ಲಿ ಸಿಗುವ ಹಳೆಯ ಉದಾಹರಣೆ.

ಅಲ್ಲಿಂದ ಐವತ್ತು ವರ್ಷ ಮುಂದೆ ಬರೋಣ. 1930ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿ. ಆ ವರ್ಷ ಮೈಸೂರು ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ನಡೆಸುವ ಇಂಥ ಕ್ಲಿನಿಕ್ಕುಗಳು ಲೋಕದಲ್ಲೇ ಮೊದಲನೆಯವು ಎಂದು ಚರಿತ್ರಕಾರರು ಹೇಳುತ್ತಾರೆ. ಗಂಡ ಹೆಂಡಿರ ನಡುವಿನ ವಿಷಯವನ್ನು ಬೀದಿಯಲ್ಲಿ ಆಡಲೂ ಜನ ನಾಚುತ್ತಿದ್ದ ಕಾಲವದು. ಅದರ ಹಿಂದೆ ಮೇಲಿಂದ ಮೇಲೆ ಹೆತ್ತು ಸೊರಗುವ ತಾಯಂದಿರ ಬಗೆಗಿನ ಕಾಳಜಿ ಇತ್ತು. ಆದರೆ ಹೆಂಗಸರಿಗೆ ಏನು ಬೇಕು ಎಂದು ಅವರನ್ನೇ ಕೇಳಿದವರು ಆಗಿನ್ನೂ ಇರಲಿಲ್ಲ.

ಕೇಳುವ ಕೆಲಸ ನಡೆದದ್ದು ಸ್ವಾತಂತ್ರ್ಯದ ನಂತರ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ 1951-52ರ ಹೊತ್ತಿಗೆ ಮೈಸೂರು ರಾಜ್ಯದಲ್ಲಿ ಒಂದು ದೊಡ್ಡ ಸಮೀಕ್ಷೆ ಕೈಗೊಂಡವು. 'ಮೈಸೂರು ಜನಸಂಖ್ಯಾ ಅಧ್ಯಯನ' ಎಂದು ಅದು ಪ್ರಸಿದ್ಧ. ಅದರ ಮುಂದಾಳು ಸಿ. ಚಂದ್ರಶೇಖರನ್. ಹುಟ್ಟು ಸಾವುಗಳನ್ನು ಎರಡು ಬೇರೆ ಬೇರೆ ಕಡೆಯಿಂದ ದಾಖಲಿಸಿ, ಎರಡನ್ನೂ ತಾಳೆ ನೋಡಿ, ಬಿಟ್ಟುಹೋದವೆಷ್ಟು ಎಂದು ಕಂಡುಹಿಡಿಯುವ ಸೂತ್ರವನ್ನು ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಜೊತೆ 1949ರಲ್ಲಿ ಪ್ರಕಟಿಸಿದ ವಿದ್ವಾಂಸ ಇವರೇ. ಬೆಂಗಳೂರು ನಗರವನ್ನೂ, ಬಯಲು ಸೀಮೆ ಮತ್ತು ಗುಡ್ಡಗಾಡಿನ ಹಳ್ಳಿಗಳನ್ನೂ ಆರಿಸಿಕೊಂಡು ಅವರ ತಂಡ ಮನೆಮನೆಗೆ ಹೋಗಿ ಗಂಡಸರನ್ನೂ ಹೆಂಗಸರನ್ನೂ ಮಾತಾಡಿಸಿತು.

1961ರಲ್ಲಿ ಪುಸ್ತಕವಾಗಿ ಬಂದ ಅದರ ವರದಿ ಎರಡು ನಂಬಿಕೆಗಳನ್ನು ಅಲುಗಿಸಿತು. ಪೇಟೆಯವರು ಕಡಿಮೆ ಹೆರುತ್ತಾರೆ, ಹಳ್ಳಿಯವರು ಹೆಚ್ಚು ಹೆರುತ್ತಾರೆ ಎಂಬುದು ಮೊದಲನೆಯದು. ಆ ಕಾಲದ ಮೈಸೂರಿನಲ್ಲಿ ಈ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹಳ್ಳಿಯ ಜನಕ್ಕೆ ಮಕ್ಕಳು ಎಷ್ಟಾದರೂ ಸಾಲದು ಎಂಬುದು ಎರಡನೆಯದು. ಮೂರು ನಾಲ್ಕು ಮಕ್ಕಳಾದ ಮೇಲೆ ಸಾಕು ಎನ್ನುವವರು ಹಳ್ಳಿಯಲ್ಲೂ ಇದ್ದರು. ಉಪಾಯ ಮಾತ್ರ ತಿಳಿದಿರಲಿಲ್ಲ. ಅಂದರೆ ಜನರಿಗೆ ಬುದ್ಧಿ ಹೇಳುವ ಅಗತ್ಯಕ್ಕಿಂತ ಅವರ ಕೈಗೆಟಕುವ ಕಡೆ ಒಬ್ಬ ನಂಬಿಗಸ್ತ ಡಾಕ್ಟರು, ಒಬ್ಬ ದಾದಿ ಇರುವ ಅಗತ್ಯವೇ ಹೆಚ್ಚಿತ್ತು.

ಆದರೆ ಅದೇ ಹೊತ್ತಿನಲ್ಲಿ ಸರ್ಕಾರ ಮಾಡುತ್ತಿದ್ದುದೇನು? ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆಂದು 65 ಲಕ್ಷ ರೂಪಾಯಿ ತೆಗೆದಿಟ್ಟಿತ್ತು. ಕೇಂದ್ರ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ ಕೌರ್ ಅವರಿಗೆ ಒಪ್ಪಿಗೆಯಾಗಿದ್ದುದು ತಿಂಗಳ ದಿನಗಳನ್ನು ಲೆಕ್ಕ ಹಾಕಿ ಸಂಯಮದಿಂದಿರುವ ವಿಧಾನವೊಂದೇ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದರು. ದೆಹಲಿಯ ಲೋದಿ ಕಾಲನಿಯಲ್ಲೂ ನಮ್ಮ ರಾಮನಗರದಲ್ಲೂ ಪ್ರಯೋಗ ನಡೆಯಿತು. ರಾಮನಗರ ಆಗಿನ್ನೂ ಬಹಳ ಜನರ ಬಾಯಲ್ಲಿ ಕ್ಲೋಸ್‌ಪೇಟೆಯೇ; ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನ ಗ್ರಾಮೀಣ ಆರೋಗ್ಯ ಘಟಕ ಅಲ್ಲಿ ಮೊದಲೇ ಇತ್ತು. ಓದು ಬಾರದ ಹೆಂಗಸರಿಗೆಂದು ಬಣ್ಣಬಣ್ಣದ ಮಣಿಗಳ ಸರ ಮಾಡಿಕೊಟ್ಟರು. ಒಂದು ಬಣ್ಣ ದೂರವಿರಬೇಕಾದ ದಿನಕ್ಕೆ, ಇನ್ನೊಂದು ಭಯವಿಲ್ಲದ ದಿನಕ್ಕೆ. ದಿನಕ್ಕೊಂದು ಮಣಿ ಸರಿಸಬೇಕು. ಕತೆ ಬರೆಯುವ ನಮಗೆ ಆ ಸರ ಒಂದು ಒಳ್ಳೆಯ ವಸ್ತುವಾಗಿ ಕಾಣುತ್ತದೆ. ಅದನ್ನು ಕೊರಳಿಗೆ ಹಾಕಿಕೊಂಡವಳಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಮಣಿಯ ಬಣ್ಣ ನೋಡಿ ಗಂಡ ಹಿಂದೆ ಸರಿಯಬೇಕಲ್ಲ! ಪ್ರಯೋಗ ಹೆಚ್ಚು ಜನರನ್ನು ಹಿಡಿದಿಡಲಿಲ್ಲ. ಸಮೀಕ್ಷೆ ಒಂದು ಕಡೆ ಹೆಂಗಸರ ಬಯಕೆಯನ್ನು ದಾಖಲಿಸುತ್ತಿತ್ತು, ಯೋಜನೆ ಇನ್ನೊಂದು ಕಡೆ ತನಗೆ ಒಪ್ಪಿದ್ದನ್ನು ಹಂಚುತ್ತಿತ್ತು. ಇವೆರಡೂ ಪರಸ್ಪರ ಮಾತಾಡಿಕೊಳ್ಳಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಅಧ್ಯಯನ ನಡೆದದ್ದು ಹಳೆಯ ಮೈಸೂರಿನಲ್ಲಿ. 1956ರ ನವೆಂಬರ್ 1ರಂದು ಏಕೀಕರಣವಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾ, ಬೀದರ್, ರಾಯಚೂರುಗಳೂ, ಮುಂಬೈ ಆಡಳಿತದಲ್ಲಿದ್ದ ಬೆಳಗಾವಿ, ಬಿಜಾಪುರ, ಧಾರವಾಡಗಳೂ ಬಂದು ಸೇರಿದವು. ನಕ್ಷೆ ದೊಡ್ಡದಾಯಿತು, ತಿಳಿವಳಿಕೆ ದೊಡ್ಡದಾಗಲಿಲ್ಲ. ಲೋಕಕ್ಕೆಲ್ಲ ಗೊತ್ತಿದ್ದ ಮೈಸೂರಿನ ಅಂಕಿಗಳಲ್ಲಿ ಸೇಡಮ್ಮಿನ ಒಬ್ಬ ತಾಯಿಯೂ, ಲಿಂಗಸುಗೂರಿನ ಒಂದು ಕೂಸೂ ಇರಲಿಲ್ಲ.

ಹಣವೂ ಅಂಕಿ ಇದ್ದ ಕಡೆಗೇ ಹರಿಯಿತು. 1973ರಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವೀಡನ್ನಿನ ನೆರವಿನಿಂದ 'ಭಾರತ ಜನಸಂಖ್ಯಾ ಯೋಜನೆ' ಆರಂಭವಾದಾಗ ಅದಕ್ಕೆ ಆಯ್ಕೆಯಾದವು ಉತ್ತರ ಪ್ರದೇಶದ ಕೆಲವು ಜಿಲ್ಲೆಗಳು ಮತ್ತು ನಮ್ಮ ರಾಜ್ಯದ ಬೆಂಗಳೂರು ವಿಭಾಗದ ಜಿಲ್ಲೆಗಳು. ಬೆಂಗಳೂರಿನಲ್ಲಿ ಜನಸಂಖ್ಯಾ ಕೇಂದ್ರವೂ ಹುಟ್ಟಿಕೊಂಡಿತು. ಅಲ್ಲಿನ ವಿದ್ವಾಂಸರು 1975ರಲ್ಲಿ ಹಳೆಯ ಅಧ್ಯಯನದ ಪ್ರದೇಶಗಳಿಗೆ ಮತ್ತೆ ಹೋಗಿ, ಒಂದು ತಲೆಮಾರಿನಲ್ಲಿ ಏನು ಬದಲಾಯಿತು ಎಂದು ಪರಿಶೀಲಿಸಿದರು. ಅದು ಬೆಲೆಯುಳ್ಳ ಕೆಲಸ, ಅನುಮಾನವಿಲ್ಲ. ಆದರೆ ಒಂದೇ ಸೀಮೆಯನ್ನು ಎರಡೆರಡು ಸಲ ಅಳೆಯಲಾಯಿತು. ತುಂಗಭದ್ರೆ, ಕೃಷ್ಣೆ, ಭೀಮೆಯರ ಸೀಮೆಗಳು ತಮ್ಮ ಸರದಿಗಾಗಿ ಕಾದವು.

ಅದೇ 1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಅಂಕಿ ಆಗ ತನ್ನ ಇನ್ನೊಂದು ಮುಖ ತೋರಿಸಿತು. ತಿಳಿದುಕೊಳ್ಳುವುದಕ್ಕಿದ್ದ ಸಂಖ್ಯೆ ಮುಟ್ಟಲೇಬೇಕಾದ ಗುರಿಯಾಯಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಮೇಷ್ಟರಿಗೆ, ಶಾನುಭೋಗರಿಗೆ, ಪೇದೆಗೆ ಕೂಡ ಇಷ್ಟು ಜನರನ್ನು ಕರೆತರಬೇಕೆಂಬ ಕೋಟಾ. ಬಲಿಯಾದವರಲ್ಲಿ ಹೆಚ್ಚಿನವರು ಬಡವರು. 1977ರ ಚುನಾವಣೆಯಲ್ಲಿ ಉತ್ತರ ಭಾರತದ ಜನ ಅದಕ್ಕೆ ಉತ್ತರ ಕೊಟ್ಟರು. ಸರ್ಕಾರಗಳು ಅದರಿಂದ ಕಲಿತ ಪಾಠ ಮಾತ್ರ ವಿಚಿತ್ರವಾದದ್ದು. ಗಂಡಸರನ್ನು ಮುಟ್ಟಬಾರದು ಎಂದುಕೊಂಡರು, ಗುರಿಯನ್ನು ಬಿಡಲಿಲ್ಲ. ಕುಟುಂಬ ಯೋಜನೆಯ ಭಾರವೆಲ್ಲ ಹೆಂಗಸರ ಮೈಮೇಲೆ ಬಿತ್ತು. ಕರ್ನಾಟಕದಲ್ಲಿ ಸಮೀಕ್ಷೆಯಿಂದ ಸಮೀಕ್ಷೆಗೆ ಇದೇ ಚಿತ್ರ: ಮದುವೆಯಾದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡವರು, ಆಪರೇಷನ್ ಮಾಡಿಸಿಕೊಂಡ ಗಂಡಸರು ನೂರಕ್ಕೆ ಒಬ್ಬರೂ ಇಲ್ಲ. ಇದನ್ನು ಯೋಜನೆಯ ಯಶಸ್ಸು ಎನ್ನೋಣವೇ?

ಕೈರೋದಲ್ಲಿ 1994ರಲ್ಲಿ ನಡೆದ ವಿಶ್ವ ಸಮ್ಮೇಳನ, ಜನಸಂಖ್ಯೆಯ ಮಾತಿಗಿಂತ ಹೆಣ್ಣಿನ ಆರೋಗ್ಯದ ಮಾತು ಮೊದಲು ಎಂದಿತು. 1996ರ ಏಪ್ರಿಲಿನಲ್ಲಿ ಭಾರತ ಸರ್ಕಾರ ಗುರಿಗಳನ್ನು ಕೈಬಿಟ್ಟಿತು. ಅಷ್ಟರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆರಂಭವಾಗಿತ್ತು. 1992-93ರ ಮೊದಲ ಸುತ್ತಿನಲ್ಲಿ ಕರ್ನಾಟಕದ ಹೆಣ್ಣಿಗೆ ಸರಾಸರಿ 2.9 ಮಕ್ಕಳು, 1998-99ರ ಎರಡನೇ ಸುತ್ತಿನಲ್ಲಿ 2.1. ಅಧಿಕಾರಿಗಳು ಸಂಭ್ರಮಿಸಿದರು. ತಲೆಮಾರಿಗೆ ತಲೆಮಾರು ಸಮವಾಗುವ ಮಟ್ಟವನ್ನು ರಾಜ್ಯ ಮುಟ್ಟಿತ್ತು.

ಆದರೆ ಸರಾಸರಿ ಎಂಬ ಹೆಣ್ಣು ಯಾವ ಊರಿನಲ್ಲೂ ಇಲ್ಲ. ಕರಾವಳಿ, ಮಲೆನಾಡುಗಳಲ್ಲಿ ಹೆಣ್ಣಿಗೆ ಎರಡು ಮಕ್ಕಳೋ ಅದಕ್ಕೂ ಕಡಿಮೆಯೋ ಆಗಿದ್ದ ಹೊತ್ತಿನಲ್ಲಿ ಗುಲ್ಬರ್ಗಾ ಸೀಮೆಯಲ್ಲಿ ಅದು ಮೂರರ ಮೇಲೇ ಇತ್ತು. 2001ರ ಜನಗಣತಿ ಇದರ ಕಾರಣವನ್ನೂ ತೋರಿಸಿತು. ದಕ್ಷಿಣ ಕನ್ನಡದಲ್ಲಿ ನೂರಕ್ಕೆ 77 ಹೆಂಗಸರು ಅಕ್ಷರಸ್ಥರು, ರಾಯಚೂರಿನಲ್ಲಿ 36. ಚಿಕ್ಕ ವಯಸ್ಸಿನ ಮದುವೆ, ಬಿಟ್ಟುಹೋದ ಶಾಲೆ, ದೂರದ ಆಸ್ಪತ್ರೆ, ಕಣ್ಣೆದುರೇ ತೀರಿಕೊಂಡ ಕೂಸು, ಇವೆಲ್ಲ ಕೂಡಿ ಆ 'ಮೂರು' ಆಗಿತ್ತು. ಉಳಿಯುತ್ತದೆಂಬ ಭರವಸೆ ಇಲ್ಲದ ಕಡೆ ತಾಯಿ ಇನ್ನೊಂದನ್ನು ಹೆರುತ್ತಾಳೆ. ಇದು ಅಜ್ಞಾನವಲ್ಲ, ಲೆಕ್ಕಾಚಾರ.

ಇಂಥ ಅಂಕಿಗಳನ್ನು ಇನ್ನೊಂದು ರೀತಿ ಓದುವವರೂ ಇದ್ದಾರೆ. 2004ರಲ್ಲಿ ಧರ್ಮವಾರು ಜನಗಣತಿ ಪ್ರಕಟವಾದಾಗ ಮುಸ್ಲಿಮರ ಬೆಳವಣಿಗೆ ಶೇ. 36 ಎಂದು ಪತ್ರಿಕೆಗಳು ಸಾರಿದವು. 1981ರಲ್ಲಿ ಅಸ್ಸಾಮಿನಲ್ಲೂ 1991ರಲ್ಲಿ ಜಮ್ಮು ಕಾಶ್ಮೀರದಲ್ಲೂ ಗಣತಿಯೇ ನಡೆದಿರಲಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಸುಮಾರು ಶೇ. 29ಕ್ಕೆ ಇಳಿಯಿತು, ಹಿಂದಿನ ದಶಕಕ್ಕಿಂತ ಕಡಿಮೆ. ತಿದ್ದುಪಡಿ ಎಷ್ಟು ಜನರನ್ನು ಮುಟ್ಟಿತೋ! ಕೇರಳದ ಮುಸ್ಲಿಮ್ ಹೆಣ್ಣುಮಗಳು ಬಿಹಾರದ ಹಿಂದೂ ಹೆಣ್ಣುಮಗಳಿಗಿಂತ ಕಡಿಮೆ ಮಕ್ಕಳನ್ನು ಹೆರುತ್ತಾಳೆ. ಸೀಮೆ, ಶಾಲೆ, ಆಸ್ಪತ್ರೆಗಳ ಮೂಲಕ ಓದಬೇಕಾದ ಅಂಕಿಯನ್ನು ಧರ್ಮದ ಮೂಲಕ ಓದಿದರೆ ಭಯ ಹುಟ್ಟುತ್ತದೆ, ಹೆರಿಗೆ ಆಸ್ಪತ್ರೆ ಹುಟ್ಟುವುದಿಲ್ಲ.

ಸರಿಯಾಗಿ ಓದಿದ ನಿದರ್ಶನಗಳೂ ನಮ್ಮಲ್ಲಿವೆ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ, ಆರೋಗ್ಯದಲ್ಲಿ ಸಮಾನತೆ ಇಲ್ಲದಿರುವುದನ್ನೂ ಭ್ರಷ್ಟಾಚಾರವನ್ನೂ ನೇರವಾಗಿ ಹೆಸರಿಸಿತು. ಮರುವರ್ಷ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು, ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಜಿಲ್ಲಾ ಮಟ್ಟದ ಕುಟುಂಬ ಸಮೀಕ್ಷೆಗಳೂ 1998ರಿಂದ ಬರತೊಡಗಿದ್ದವು. ಅಂಕಿ ಕೊನೆಗೂ ವಿಧಾನಸೌಧದಿಂದ ಇಳಿದು ತಾಲ್ಲೂಕಿಗೆ ಬಂದಿತ್ತು.

ಅದರ ಹಿಂದೆಯೇ ಯೋಜನೆಗಳೂ ಬಂದವು. ಕೇಂದ್ರದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು, ರಾಜ್ಯದಿಂದ ಬಾಣಂತಿಗೆ ಮಡಿಲು ಕಿಟ್, ಗರ್ಭಿಣಿಯ ಕೈಗೆ ತಾಯಿ ಕಾರ್ಡ್. ಹಿಂದುಳಿದ ಜಿಲ್ಲೆಗಳಿಗೆಂದೇ ತಾಯಿ ಭಾಗ್ಯ ಯೋಜನೆ ಬಂತು. ಬಡ ಹೆಂಗಸರ ನೂರು ಹೆರಿಗೆ ಮಾಡಿಸಿದ ಖಾಸಗಿ ಆಸ್ಪತ್ರೆಗೆ ಸರ್ಕಾರ ಮೂರು ಲಕ್ಷ ರೂಪಾಯಿ ಕೊಡುವ ಏರ್ಪಾಡು ಅದು. ಹೆರಿಗೆ ತಜ್ಞರೇ ವಿರಳವಾದ ತಾಲ್ಲೂಕಿನಲ್ಲಿ ಇಂಥ ಏರ್ಪಾಡು ಕುಂಟುವುದು ಸಹಜ. ಆದರೂ ಒಟ್ಟು ಫಲ ಕಣ್ಣಿಗೆ ಕಾಣುವಂಥದ್ದು. 1998-99ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಅರ್ಧದಷ್ಟು ಮಾತ್ರ ಆಸ್ಪತ್ರೆಯಲ್ಲಾಗುತ್ತಿದ್ದವು. 2019-20ರ ಸಮೀಕ್ಷೆಯಲ್ಲಿ ನೂರಕ್ಕೆ 97. ಒಂದು ಲಕ್ಷ ಹೆರಿಗೆಗೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಈ ಎರಡು ಅಂಕಿಗಳ ನಡುವೆ ಇರುವುದು ತಾಯಿ ಇರುವ ಮನೆಗಳು.

ಎಲ್ಲವೂ ಮುಗಿಯಿತೆಂದಲ್ಲ. ಹದಿನೆಂಟು ತುಂಬುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳ ಪ್ರಮಾಣ ರಾಜ್ಯದಲ್ಲಿ 2015-16ರಲ್ಲಿ ಶೇ. 21.4 ಇತ್ತು, 2019-20ರಲ್ಲಿ ಶೇ. 21.3. ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ. 2021ರ ಜನಗಣತಿ ನಡೆಯಲೇ ಇಲ್ಲ. ಅದನ್ನು 2027ಕ್ಕೆ ನಿಗದಿ ಮಾಡಲಾಯಿತು. ಹಾಗಾಗಿ 2011ರ ನಂತರ ತಾಲ್ಲೂಕಿನ ಯೋಜನೆಗಳೆಲ್ಲ ಹಳೆಯ ಖಾನೇಷುಮಾರಿಯ ಆಧಾರದ ಮೇಲೇ ನಡೆದವು. ಎಣಿಸದ ಕೂಸಿಗೆ ಲಸಿಕೆಯ ಲೆಕ್ಕವೂ ಇರುವುದಿಲ್ಲ, ಅಂಗನವಾಡಿಯ ಲೆಕ್ಕವೂ ಇರುವುದಿಲ್ಲ.

ರಾಜ್ಯದ ಸರಾಸರಿ 1.7ಕ್ಕೆ ಇಳಿದ ಮೇಲೆ ಹೊಸದೊಂದು ರಾಗ ಶುರುವಾಗಿದೆ. ಹೆಚ್ಚು ಮಕ್ಕಳನ್ನು ಹೆರಿ ಎಂದು 2024ರಲ್ಲಿ ನೆರೆರಾಜ್ಯದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಕರೆ ಕೊಟ್ಟರು. ಸಂಸತ್ತಿನ ಸ್ಥಾನಗಳು ಕಡಿಮೆಯಾಗುತ್ತವೆ, ಮುದುಕರ ಸಂಖ್ಯೆ ಹೆಚ್ಚುತ್ತದೆ ಎಂಬ ಆತಂಕ ದಕ್ಷಿಣದಲ್ಲೆಲ್ಲ ಇದೆ. ಆತಂಕ ಸುಳ್ಳಲ್ಲ. ಆದರೆ ಅಂದು ಸಾಕು ಎಂದವರೂ ಇಂದು ಬೇಕು ಎನ್ನುವವರೂ ಅಪ್ಪಣೆ ಕೊಡುತ್ತಿರುವುದು ಒಂದೇ ಹೆಣ್ಣಿಗೆ. 1951ರಲ್ಲಿ ಮೈಸೂರಿನ ಹಳ್ಳಿಗಳಲ್ಲಿ ಮನೆಬಾಗಿಲಿಗೆ ಹೋದವರು ನಿನಗೆ ಎಷ್ಟು ಮಕ್ಕಳು ಬೇಕು ಎಂದು ಕೇಳಿದ್ದರು. ಎಪ್ಪತ್ತು ವರ್ಷಗಳ ಈ ಚರಿತ್ರೆಯಲ್ಲಿ ಆ ಪ್ರಶ್ನೆಯ ಉತ್ತರಕ್ಕೆ ಕಿವಿಗೊಟ್ಟಾಗಲೆಲ್ಲ ತಾಯಂದಿರು ಉಳಿದಿದ್ದಾರೆ, ಕಿವಿಗೊಡದೆ ಗುರಿ ಹಾಕಿಕೊಂಡಾಗಲೆಲ್ಲ ನೊಂದಿದ್ದಾರೆ. ಮುಂದಿನ ಗಣತಿದಾರರು ಬಾಗಿಲು ತಟ್ಟುವಾಗ ನಾವು ಸರ್ಕಾರದಿಂದ ಕೇಳಬೇಕಾದದ್ದು ಇಷ್ಟೇ: ಎಣಿಸಿ, ತಾಲ್ಲೂಕಿನವರೆಗೂ ಎಣಿಸಿ, ಎಣಿಸಿದ್ದನ್ನು ಬಚ್ಚಿಡದೆ ಪ್ರಕಟಿಸಿ. ಆಮೇಲೆ ಆಸ್ಪತ್ರೆ ಕಟ್ಟಿ, ಶಾಲೆ ತೆರೆಯಿರಿ. ಎಷ್ಟು ಮಕ್ಕಳು ಎಂಬುದನ್ನು ಅವಳು ತೀರ್ಮಾನಿಸಿಕೊಳ್ಳುತ್ತಾಳೆ.